ಪರೀಕ್ಷೆ, ಶೋಧನೆಗಳ ನಡುವೆ ಎಡೆಬಿಡದ ಪ್ರಾರ್ಥನೆ

ಕ್ರೈಸ್ತರಾದ ನಮಗೆ ಪ್ರಾರ್ಥನೆ ಹೊಸ ವಿಷಯವೇನೂ ಅಲ್ಲ. ಹಾಸಿಗೆಯಿಂದ ಎದ್ದೊಡನೆ ಹಣೆಯ ಮೇಲೆ ಶಿಲುಬೆಯ ಗುರುತು, ಊಟಕ್ಕೆ ಮುಂಚೆ ಒಂದು ಜಪ, ಸಂಜೆಗೆ ಜಪಸರ, ಭಾನುವಾರ ಬಲಿಪೂಜೆ. ಇಷ್ಟೆಲ್ಲ ಇದ್ದರೂ ಮನೆಗೆ ಕಷ್ಟ ಬಂದಾಗ ಒಂದು ಪ್ರಶ್ನೆ ಏಳುತ್ತದೆ: "ಇಷ್ಟು ಪ್ರಾರ್ಥಿಸಿದರೂ ದೇವರು ಯಾಕೆ ಕೇಳಲಿಲ್ಲ?" ಆಸ್ಪತ್ರೆಯ ವರಾಂಡದಲ್ಲಿ, ಸಾಲದ ನೋಟಿಸು ಬಂದ ದಿನ, ಕುಡಿತ ಬಿಡುತ್ತೇನೆಂದು ಮಾತುಕೊಟ್ಟ ಗಂಡ ಮತ್ತೆ ಕುಡಿದು ಬಂದ ರಾತ್ರಿ ಈ ಪ್ರಶ್ನೆಯನ್ನು ಕೇಳದವರು ನಮ್ಮ ಧರ್ಮಕೇಂದ್ರಗಳಲ್ಲಿ ಕಡಿಮೆ. ಪ್ರಾರ್ಥನೆ ನಮಗೆ ನಿಜವಾಗಿ ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂಬುದನ್ನು ಪವಿತ್ರ ಗ್ರಂಥ, ಧರ್ಮಸಭೆಯ ಬೋಧನೆ ಮತ್ತು ನಮ್ಮ ನಾಡಿನ ಕೆಲವು ಘಟನೆಗಳ ಬೆಳಕಿನಲ್ಲಿ ಇಲ್ಲಿ ನೋಡೋಣ.

ಪರೀಕ್ಷೆ ಮತ್ತು ಶೋಧನೆ

ಹೊಸ ಒಡಂಬಡಿಕೆಯ ಮೂಲ ಗ್ರೀಕ್ ಭಾಷೆಯಲ್ಲಿ ಪರೀಕ್ಷೆಗೂ ಶೋಧನೆಗೂ ಇರುವುದು ಒಂದೇ ಪದ: ಪೆಯ್ರಾಸ್ಮೋಸ್. ಕನ್ನಡದಲ್ಲಿ ನಮಗೆ ಎರಡು ಪದಗಳಿವೆ. ರೋಗ, ನಷ್ಟ, ಸಾವು, ಅಪವಾದ, ಹಿಂಸೆ ಇವುಗಳನ್ನು ಪರೀಕ್ಷೆ ಎನ್ನುತ್ತೇವೆ. ಪಾಪದ ಕಡೆಗೆ ಎಳೆಯುವ ಸೆಳೆತವನ್ನು ಶೋಧನೆ ಎನ್ನುತ್ತೇವೆ. ಎರಡೂ ಬೇರೆ ಬೇರೆಯಾದರೂ ಹೆಚ್ಚಾಗಿ ಜೊತೆಯಲ್ಲೇ ಬರುತ್ತವೆ. ಕೆಲಸ ಹೋಗುವುದು ಒಂದು ಪರೀಕ್ಷೆ. ಅದರ ಹಿಂದೆಯೇ ಕುಡಿತದ, ಸುಳ್ಳಿನ, ನಿರಾಶೆಯ ಶೋಧನೆ ಬಾಗಿಲು ತಟ್ಟುತ್ತದೆ. ಕನ್ನಡದಲ್ಲಿ ಶೋಧಿಸು ಎಂದರೆ ಸೋಸು ಎಂಬ ಅರ್ಥವೂ ಇದೆ. ಕಡೆಯ ಭೋಜನದ ವೇಳೆ ಯೇಸುಸ್ವಾಮಿ ಪೇತ್ರನಿಗೆ, ಸೈತಾನನು ನಿಮ್ಮನ್ನು ಗೋಧಿಯಂತೆ ಜರಡಿ ಹಿಡಿಯಲು ಕೇಳಿಕೊಂಡಿದ್ದಾನೆ, ಆದರೆ ನಿನ್ನ ವಿಶ್ವಾಸ ಕುಂದದಂತೆ ನಾನು ನಿನಗಾಗಿ ಪ್ರಾರ್ಥಿಸಿದ್ದೇನೆ ಎಂಬ ಅರ್ಥದ ಮಾತು ಹೇಳುತ್ತಾರೆ (ಲೂಕ 22:31–32). ಜರಡಿ ತಪ್ಪುತ್ತದೆ ಎಂದು ಅವರು ಹೇಳಲಿಲ್ಲ. ವಿಶ್ವಾಸ ಉಳಿಯಲಿ ಎಂದು ಬೇಡಿಕೊಂಡರು.

ಯಾರನ್ನೂ ಪಾಪಕ್ಕೆ ಸೆಳೆಯುವವರು ದೇವರಲ್ಲ ಎಂದು ಸಂತ ಯಕೋಬರು ಸ್ಪಷ್ಟವಾಗಿ ಬರೆಯುತ್ತಾರೆ. ನಮ್ಮದೇ ದುರಾಶೆ ನಮ್ಮನ್ನು ಎಳೆಯುತ್ತದೆ, ಅದು ಬಸಿರಾಗಿ ಪಾಪವನ್ನು ಹೆರುತ್ತದೆ (ಯಕೋಬ 1:13–15). ಹಾಗಾದರೆ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಜಪದಲ್ಲಿ ಶೋಧನೆಯ ವಿಷಯವಾಗಿ ನಾವು ಬೇಡಿಕೊಳ್ಳುವುದೇಕೆ? ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಇದಕ್ಕೆ ಉತ್ತರ ಕೊಡುತ್ತದೆ (ಸಂಖ್ಯೆ 2846–2849). ಶೋಧನೆಯೊಳಗೆ ಕಾಲಿಡಲು ನಮ್ಮನ್ನು ಬಿಡಬೇಡಿ, ಅದಕ್ಕೆ ಶರಣಾಗಲು ಬಿಡಬೇಡಿ ಎಂಬುದೇ ಆ ಬೇಡಿಕೆಯ ತಾತ್ಪರ್ಯ. ಅಂದಿನ ಜಗದ್ಗುರು ಫ್ರಾನ್ಸಿಸ್‌ರವರು 2017ರಲ್ಲಿ ಇದೇ ಮಾತನ್ನು ಎತ್ತಿದ್ದರು: ಬೀಳುವವನು ನಾನು, ನನ್ನನ್ನು ಬೀಳಿಸಿ ನೋಡುವ ತಂದೆ ದೇವರಲ್ಲ. 2020ರ ಇಟಾಲಿಯನ್ ಪೂಜಾಗ್ರಂಥದಲ್ಲಿ ಆ ಸಾಲಿನ ಅನುವಾದವನ್ನು ತಿದ್ದಲಾಯಿತು.

ಅದೇ ಧರ್ಮೋಪದೇಶ ಗ್ರಂಥ ಇನ್ನೊಂದು ಮುಖ್ಯ ವ್ಯತ್ಯಾಸವನ್ನೂ ತೋರಿಸುತ್ತದೆ. ಶೋಧನೆ ಬರುವುದು ಬೇರೆ, ಅದಕ್ಕೆ ಒಪ್ಪಿಗೆ ಕೊಡುವುದು ಬೇರೆ. ಕೆಟ್ಟ ಯೋಚನೆ ತಲೆಯೊಳಗೆ ಸುಳಿದ ಮಾತ್ರಕ್ಕೆ ಪಾಪವಾಗಲಿಲ್ಲ. ಸ್ವತಃ ಪ್ರಭು ಯೇಸು ಮರುಭೂಮಿಯಲ್ಲಿ ನಲವತ್ತು ದಿನ ಶೋಧನೆಗೆ ಒಳಗಾದರು. ಎಲ್ಲ ವಿಧದಲ್ಲೂ ನಮ್ಮಂತೆಯೇ ಶೋಧಿತರಾದರೂ ಪಾಪ ಮಾಡಲಿಲ್ಲ (ಹಿಬ್ರಿಯ 4:15). ಇದು ತಿಳಿಯದೆ, ಬರೀ ಯೋಚನೆ ಬಂದದ್ದಕ್ಕೇ ಹೆದರಿ ಪ್ರಾರ್ಥನೆ ಬಿಟ್ಟವರನ್ನು, ಪರಮಪ್ರಸಾದದಿಂದ ದೂರ ಉಳಿದವರನ್ನು ನಾವು ಕಂಡಿದ್ದೇವೆ. ಅವರಿಗೆ ಈ ವ್ಯತ್ಯಾಸ ತಿಳಿಸಿ ಹೇಳುವುದು ನಮ್ಮ ಕರ್ತವ್ಯ.

ಗೆತ್ಸೆಮನಿ ತೋಪಿನ ಪಾಠ

ಪ್ರಾರ್ಥನೆ ಮತ್ತು ಶೋಧನೆಯ ಸಂಬಂಧವನ್ನು ಗೆತ್ಸೆಮನಿಯಷ್ಟು ಸ್ಪಷ್ಟವಾಗಿ ತೋರಿಸುವ ಸ್ಥಳ ಶುಭಸಂದೇಶಗಳಲ್ಲಿ ಇನ್ನೊಂದಿಲ್ಲ. ಅಲ್ಲಿ ಇಬ್ಬರು ಒಂದೇ ರಾತ್ರಿಯನ್ನು ಎದುರಿಸುತ್ತಾರೆ. ಯೇಸುಸ್ವಾಮಿ ಭಯದಿಂದ, ಸಂಕಟದಿಂದ ಬೆವರುತ್ತಾ ಪ್ರಾರ್ಥಿಸುತ್ತಾರೆ. ಪೇತ್ರ ನಿದ್ದೆ ಹೋಗುತ್ತಾನೆ. ಎಚ್ಚರವಾಗಿದ್ದು ಪ್ರಾರ್ಥಿಸಿರಿ ಎಂದು ಎಚ್ಚರಿಸಿದರೂ ಅವನ ಕಣ್ಣು ಮುಚ್ಚಿಕೊಳ್ಳುತ್ತದೆ (ಮತ್ತಾಯ 26:36–46). ಕೆಲವೇ ಗಂಟೆಗಳ ನಂತರ ಒಬ್ಬರು ಮಹಾಯಾಜಕನ ಎದುರು ನೆಟ್ಟಗೆ ನಿಲ್ಲುತ್ತಾರೆ. ಇನ್ನೊಬ್ಬ ಒಬ್ಬ ದಾಸಿಯ ಪ್ರಶ್ನೆಗೆ ಹೆದರಿ, ಅವರನ್ನು ನಾನು ಅರಿಯೆ ಎನ್ನುತ್ತಾನೆ. ಪೇತ್ರನಲ್ಲಿ ಪ್ರೀತಿ ಇರಲಿಲ್ಲ ಎಂದಲ್ಲ, ಧೈರ್ಯದ ಮಾತುಗಳೂ ಬೇಕಾದಷ್ಟಿದ್ದವು. ಎಚ್ಚರ ಇರಲಿಲ್ಲ. ತನ್ನ ಬಲದ ಮೇಲೆ ತನಗಿದ್ದ ನಂಬಿಕೆ ಅವನನ್ನು ಮಲಗಿಸಿತು.

ಇಲ್ಲಿ ಇನ್ನೊಂದು ವಿಷಯವನ್ನು ಗಮನಿಸಬೇಕು. ಪಾತ್ರೆಯನ್ನು ತೆಗೆಯಬೇಕೆಂದು ಯೇಸುಸ್ವಾಮಿ ಕೇಳಿದರು; ಪಾತ್ರೆಯನ್ನು ತೆಗೆಯಲಿಲ್ಲ. ಅವರನ್ನು ಬಲಪಡಿಸಲು ಒಬ್ಬ ದೇವದೂತ ಬಂದ (ಲೂಕ 22:43). ಆ ಬಲ ಬಂದ ಮೇಲೆ ಅವರು ಇನ್ನೂ ಹೆಚ್ಚು ಆಸಕ್ತಿಯಿಂದ ಪ್ರಾರ್ಥಿಸಿದರು ಎಂದು ಲೂಕರು ಬರೆಯುತ್ತಾರೆ. ಇಲ್ಲಿ ಬಳಸಿರುವ ಗ್ರೀಕ್ ಪದಕ್ಕೆ ಎಳೆದು ಬಿಗಿಮಾಡಿದ, ಚಾಚಿದ ಎಂಬ ಮೂಲಾರ್ಥವಿದೆ. ದಡಕ್ಕೆ ಬಲೆ ಎಳೆಯುವಾಗ ಹಗ್ಗ ಹೇಗೆ ಸಡಿಲ ಬಿಡದೆ ಬಿಗಿದಿರುತ್ತದೋ ಹಾಗೆ. ಎಡೆಬಿಡದ ಪ್ರಾರ್ಥನೆ ಎಂದರೆ ಉದ್ದದ ಪ್ರಾರ್ಥನೆ, ಜೋರಿನ ಪ್ರಾರ್ಥನೆ ಎಂದೇ ಆಗಬೇಕಾಗಿಲ್ಲ. ಕೈ ಸೋತರೂ ಹಗ್ಗ ಬಿಡದ ಪ್ರಾರ್ಥನೆ ಅದು.

ಒಂದೇ ಅಧ್ಯಾಯ, ಇಬ್ಬರು ಪ್ರೇಷಿತರು

ಅದೇ ಮೂಲದ ಪದವನ್ನು ಲೂಕರು ಪ್ರೇಷಿತರ ಕಾರ್ಯಕಲಾಪಗಳ 12ನೇ ಅಧ್ಯಾಯದಲ್ಲಿಯೂ ಬಳಸುತ್ತಾರೆ. ಪೇತ್ರ ಸೆರೆಮನೆಯಲ್ಲಿದ್ದಾಗ ಧರ್ಮಸಭೆ ಅವನಿಗಾಗಿ ಎಡೆಬಿಡದೆ ಪ್ರಾರ್ಥಿಸುತ್ತಿತ್ತು. ದೂತನು ಬಂದು ಸರಪಳಿ ಕಳಚಿದ, ಪೇತ್ರ ಬಿಡುಗಡೆಯಾದ. ಈ ಕಥೆಯನ್ನು ಪ್ರಸಂಗಗಳಲ್ಲಿ ನಾವು ಅನೇಕ ಸಲ ಕೇಳಿದ್ದೇವೆ. ಆದರೆ ಅದೇ ಅಧ್ಯಾಯದ ಎರಡನೇ ವಚನವನ್ನು ಕೇಳಿದ್ದು ಕಡಿಮೆ. ಯೊವಾನ್ನನ ಸಹೋದರನಾದ ಯಕೋಬನನ್ನು ಅದೇ ಹೆರೋದ ಕತ್ತಿಯಿಂದ ಕೊಲ್ಲಿಸಿದ.

ಒಂದೇ ಧರ್ಮಸಭೆ, ಒಬ್ಬನೇ ರಾಜ, ಒಂದೇ ಕಾಲ. ಒಬ್ಬ ಪ್ರೇಷಿತ ಹೊರಬಂದ, ಇನ್ನೊಬ್ಬ ಸತ್ತ. ಯಕೋಬನಿಗಾಗಿ ಪ್ರಾರ್ಥನೆ ಕಡಿಮೆಯಾಯಿತು, ಅವನ ವಿಶ್ವಾಸ ಸಾಲಲಿಲ್ಲ ಎಂದು ಲೂಕರು ಬರೆಯಲಿಲ್ಲ. ನಾವೂ ಹಾಗೆ ಹೇಳಬಾರದು. ಮಗುವನ್ನು ಕಳೆದುಕೊಂಡ ತಾಯಿಗೆ, ನೀನು ಸರಿಯಾಗಿ ಪ್ರಾರ್ಥಿಸಲಿಲ್ಲ ಎಂದು ಹೇಳುವುದು ಪವಿತ್ರ ಗ್ರಂಥದ ಮಾತಲ್ಲ. ಅದು ಗಾಯದ ಮೇಲೆ ಉಪ್ಪು. ಪ್ರಾರ್ಥನೆ ಬಿಡುಗಡೆಗೆ ಕೊಡುವ ಬೆಲೆ ಅಲ್ಲ ಎಂಬುದನ್ನು ಈ ಅಧ್ಯಾಯ ನಮಗೆ ಕಲಿಸುತ್ತದೆ.

ಏಡನ್‌ನಿಂದ ಬೆಂಗಳೂರಿಗೆ

ಈ ಅಧ್ಯಾಯವನ್ನು ನಮ್ಮ ಕಾಲದಲ್ಲಿಯೇ ಮತ್ತೆ ಓದಿದಂತಾದ ಒಂದು ಘಟನೆ ಬೆಂಗಳೂರಿಗೂ ಸಂಬಂಧಪಟ್ಟಿದೆ. ಕೇರಳದಲ್ಲಿ ಹುಟ್ಟಿ, ಸಲೇಸಿಯನ್ ಸಭೆಯ ಬೆಂಗಳೂರು ಪ್ರಾಂತ್ಯಕ್ಕೆ ಸೇರಿದ ಫಾದರ್ ಟಾಮ್ ಉಳುನ್ನಾಲಿಲ್‌ರವರು ಯೆಮನ್ ದೇಶದಲ್ಲಿ ಸೇವೆ ಸಲ್ಲಿಸುತ್ತಿದ್ದರು. 2016ರ ಮಾರ್ಚ್ 4ರಂದು ಏಡನ್ ನಗರದಲ್ಲಿ ಮದರ್ ತೆರೇಸಾರವರ ಮಿಷನರೀಸ್ ಆಫ್ ಚ್ಯಾರಿಟಿ ಭಗಿನಿಯರು ನಡೆಸುತ್ತಿದ್ದ ವೃದ್ಧರ ಮತ್ತು ಅಂಗವಿಕಲರ ಆಶ್ರಯಧಾಮಕ್ಕೆ ಬಂದೂಕುಧಾರಿಗಳು ನುಗ್ಗಿದರು. ಹದಿನಾರು ಮಂದಿ ಕೊಲ್ಲಲ್ಪಟ್ಟರು. ಅವರಲ್ಲಿ ನಾಲ್ವರು ಧರ್ಮಭಗಿನಿಯರು: ಭಾರತದ ಸಿಸ್ಟರ್ ಅನ್ಸೆಲ್ಮ್, ರುವಾಂಡಾದ ಸಿಸ್ಟರ್ ಮಾರ್ಗರಿಟ್ ಮತ್ತು ಸಿಸ್ಟರ್ ರೆಜಿನೆಟ್, ಕೆನ್ಯಾದ ಸಿಸ್ಟರ್ ಜುಡಿತ್. ಫಾದರ್ ಟಾಮ್‌ರನ್ನು ಅಪಹರಿಸಲಾಯಿತು.

ದೇಶದ ಉದ್ದಗಲಕ್ಕೂ ಅವರಿಗಾಗಿ ಜಾಗರಣೆ, ಆರಾಧನೆ, ಜಪಸರಗಳು ನಡೆದವು. ಆ ವರ್ಷದ ಪಾಸ್ಖ ಕಾಲದಲ್ಲಿ ಅವರನ್ನು ಶಿಲುಬೆಗೇರಿಸಲಾಗಿದೆ ಎಂಬ ಸುಳ್ಳು ಸುದ್ದಿಯೂ ಹರಡಿ ಜನ ಅತ್ತರು. 557 ದಿನಗಳ ನಂತರ, 2017ರ ಸೆಪ್ಟೆಂಬರ್ 12ರಂದು, ಓಮನ್ ಸರಕಾರದ ನೆರವಿನಿಂದ ಅವರ ಬಿಡುಗಡೆಯಾಯಿತು. ಅವರು ರೋಮಿನಲ್ಲಿ ಜಗದ್ಗುರು ಫ್ರಾನ್ಸಿಸ್‌ರನ್ನು ಕಂಡು, ಅದೇ ತಿಂಗಳ ಕೊನೆಯಲ್ಲಿ ಭಾರತಕ್ಕೆ ಮರಳಿ ಬೆಂಗಳೂರಿಗೂ ಬಂದರು.

ಸೆರೆಯ ದಿನಗಳನ್ನು ಹೇಗೆ ಕಳೆದಿರಿ ಎಂದು ಕೇಳಿದವರಿಗೆ ಅವರು ಕೊಟ್ಟ ಉತ್ತರ ಬಹಳ ಸರಳವಾಗಿತ್ತು. ರೊಟ್ಟಿ ಇರಲಿಲ್ಲ, ದ್ರಾಕ್ಷಾರಸ ಇರಲಿಲ್ಲ, ಪೂಜಾಗ್ರಂಥವೂ ಇರಲಿಲ್ಲ. ಬಾಯಿಪಾಠವಾಗಿದ್ದ ಬಲಿಪೂಜೆಯ ಪ್ರಾರ್ಥನೆಗಳನ್ನು ಪ್ರತಿದಿನ ಮನಸ್ಸಿನಲ್ಲಿಯೇ ಹೇಳಿಕೊಳ್ಳುತ್ತಿದ್ದರು. ತನಗಾಗಿ ಪ್ರಾರ್ಥಿಸುತ್ತಿದ್ದವರನ್ನು, ಸತ್ತ ಭಗಿನಿಯರನ್ನು, ತನ್ನನ್ನು ಹಿಡಿದಿಟ್ಟವರನ್ನು ಸಹ ದೇವರ ಮುಂದೆ ನೆನೆಯುತ್ತಿದ್ದರು. ಹೊರಬಂದಾಗ ಅವರ ಮಾತಿನಲ್ಲಿ ದ್ವೇಷ ಇರಲಿಲ್ಲ.

ಫಾದರ್ ಟಾಮ್ ಹಿಂತಿರುಗಿದರು, ನಾಲ್ವರು ಭಗಿನಿಯರು ಹಿಂತಿರುಗಲಿಲ್ಲ. ಆ ಬೆಳಿಗ್ಗೆ ಅವರೆಲ್ಲರೂ ಪ್ರಾರ್ಥಿಸಿದವರೇ. ಭಗಿನಿಯರನ್ನು ಯುದ್ಧದ ನಡುವೆಯೂ ಆ ರೋಗಿಗಳ ಹಾಸಿಗೆ ಬಿಟ್ಟು ಓಡದಂತೆ ನಿಲ್ಲಿಸಿದ್ದು ಅವರ ಪ್ರಾರ್ಥನೆ. ಫಾದರ್ ಟಾಮ್‌ರನ್ನು ಹದಿನೆಂಟು ತಿಂಗಳು ಕಹಿಯಾಗದಂತೆ ಕಾದದ್ದೂ ಅದೇ ಪ್ರಾರ್ಥನೆ.

ಶ್ರೀರಂಗಪಟ್ಟಣದ ಸೆರೆ

ಕರಾವಳಿಯ ಕಥೋಲಿಕರಿಗೆ ಸೆರೆ ಎಂದೊಡನೆ ನೆನಪಾಗುವುದು ಶ್ರೀರಂಗಪಟ್ಟಣ. ಎರಡನೇ ಆಂಗ್ಲೋ-ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನನು 1784ರಲ್ಲಿ ಕೆನರಾ ಪ್ರದೇಶದ ಕ್ರೈಸ್ತರನ್ನು ಹಿಡಿಸಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅದು ಬೂದಿ ಬುಧವಾರದಂದು ಆರಂಭವಾಯಿತೆಂದು ನಮ್ಮ ಹಿರಿಯರ ಪರಂಪರೆ ಹೇಳುತ್ತದೆ. ಸೆರೆಯಾದವರ ಸಂಖ್ಯೆಯನ್ನು ಇತಿಹಾಸಕಾರರು ಬೇರೆ ಬೇರೆಯಾಗಿ ಅಂದಾಜು ಮಾಡಿದ್ದಾರೆ. ಹತ್ತಾರು ಸಾವಿರ ಎಂಬುದರಲ್ಲಿ ಸಂದೇಹವಿಲ್ಲ. ಧರ್ಮಗುರುಗಳನ್ನು ನಾಡಿನಿಂದ ಹೊರಗಟ್ಟಲಾಗಿತ್ತು, ಇಗರ್ಜಿಗಳನ್ನು ಕೆಡವಲಾಗಿತ್ತು. ದಾರಿಯಲ್ಲಿ, ಸೆರೆಯಲ್ಲಿ ಬಹಳ ಜನ ಸತ್ತರು. ಅನೇಕರನ್ನು ಬಲವಂತದಿಂದ ಮತಾಂತರಿಸಲಾಯಿತು. 1799ರ ಮೇ 4ರಂದು ಟಿಪ್ಪು ಮಡಿದು ಶ್ರೀರಂಗಪಟ್ಟಣ ಪತನವಾಗುವವರೆಗೆ, ಹದಿನೈದು ವರ್ಷ, ಈ ಸೆರೆ ಮುಂದುವರಿಯಿತು.

ಈ ಇತಿಹಾಸವನ್ನು ಯಾರ ಮೇಲೂ ಹಗೆ ಸಾಧಿಸಲು ನಾವು ನೆನೆಯುವುದಿಲ್ಲ. ಹದಿನೈದು ವರ್ಷ ಬಲಿಪೂಜೆ ಇಲ್ಲದೆ, ಪಾಪನಿವೇದನೆ ಇಲ್ಲದೆ, ಘಂಟೆಯ ನಾದವಿಲ್ಲದೆ ಒಂದು ಜನಾಂಗದ ವಿಶ್ವಾಸ ಹೇಗೆ ಉಳಿಯಿತು ಎಂದು ಕೇಳಿಕೊಳ್ಳಲು ನೆನೆಯುತ್ತೇವೆ. ಮನೆಮಠ, ಗದ್ದೆ, ದನಕರು ಎಲ್ಲವನ್ನೂ ಬಿಟ್ಟು ಹೊರಟವರು ಜೊತೆಗೆ ಒಯ್ಯಲು ಸಾಧ್ಯವಾದದ್ದು ಬಾಯಿಪಾಠವಾಗಿದ್ದ ಜಪಗಳನ್ನು. ತಾಯಿ ಮಗುವಿನ ಕಿವಿಯಲ್ಲಿ ಹೇಳಿದ 'ನಮೋ ಮರಿಯೆ'ಯನ್ನು ಯಾವ ಕಾವಲುಗಾರನೂ ಕಸಿದುಕೊಳ್ಳಲಾರ. 1792ರಲ್ಲಿ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ತನ್ನ ನಾಡಿಗೆ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಆಶ್ರಯ ಕೊಟ್ಟ. ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯ ಆ ನೆನಪಿನದು. 1799ರ ನಂತರ ಫ್ರೆಂಚ್ ಧರ್ಮಗುರು ಅಬ್ಬೆ ದುಬಾಯ್‌ರವರು ಶ್ರೀರಂಗಪಟ್ಟಣದ ಸುತ್ತ, ಬಲವಂತದಿಂದ ಧರ್ಮ ತೊರೆದಿದ್ದವರನ್ನು ಮತ್ತೆ ಧರ್ಮಸಭೆಗೆ ಬರಮಾಡಿಕೊಂಡರು.

ಸೋತವರಿಗೂ ಹಿಂತಿರುಗುವ ದಾರಿ ಇತ್ತು ಎಂಬುದು ಇಲ್ಲಿ ಮುಖ್ಯ. ಸೆರೆಯಲ್ಲಿ ಎಲ್ಲರೂ ವೀರರಾಗಿರಲಿಲ್ಲ. ಪೇತ್ರನಂತೆ ಬಿದ್ದವರೂ ಇದ್ದರು. ಅತ್ತು ಮರಳಿದ ಪೇತ್ರನಂತೆ ಅವರೂ ಮರಳಿದರು. ಇಂದು ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಒಂಬತ್ತು ದಿನ ಮಕ್ಕಳು ಹೂವು ಹಾಕುವಾಗ, ಆ ನೊವೇನಾ ಮುರಿದುಹೋದ ಒಂದು ಜನಾಂಗ ಮತ್ತೆ ಕಟ್ಟಿಕೊಂಡ ಪ್ರಾರ್ಥನೆ ಎಂಬುದನ್ನು ಅವರಿಗೆ ಹೇಳಿಕೊಡಬೇಕು.

ಮಂಗಳೂರಿನ ಮಠದಲ್ಲಿ ಒಬ್ಬ ಸಂತೆ

ಪರೀಕ್ಷೆ ಯಾವಾಗಲೂ ಹೊರಗಿನವರಿಂದಲೇ ಬರುವುದಿಲ್ಲ. ಗಲಿಲೇಯದ ಇಬಿಲ್ಲಿನ್ ಎಂಬ ಹಳ್ಳಿಯಲ್ಲಿ 1846ರಲ್ಲಿ ಹುಟ್ಟಿದ ಮರಿಯಂ ಬವಾರ್ದಿ ಮೂರರ ವಯಸ್ಸಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡಳು. ಮನೆಗೆಲಸದವಳಾಗಿ ದುಡಿದು, 1867ರಲ್ಲಿ ಫ್ರಾನ್ಸಿನ ಪೋ ನಗರದ ಕಾರ್ಮೆಲ್ ಮಠ ಸೇರಿದಳು. 1870ರಲ್ಲಿ ಮಂಗಳೂರಿನಲ್ಲಿ ಕಾರ್ಮೆಲ್ ಮಠ ಸ್ಥಾಪಿಸಲು ಹೊರಟ ತಂಡದಲ್ಲಿ ಅವಳೂ ಇದ್ದಳು. ಆ ಪ್ರಯಾಣದಲ್ಲಿ ಮೂವರು ಭಗಿನಿಯರು ಮಂಗಳೂರು ಮುಟ್ಟುವ ಮೊದಲೇ ತೀರಿಕೊಂಡರು.

1871ರ ನವೆಂಬರ್ 21ರಂದು ಮರಿಯಂ ಮಂಗಳೂರಿನಲ್ಲಿಯೇ ಸನ್ಯಾಸ ವ್ರತಗಳನ್ನು ತೊಟ್ಟಳು. ಆದರೆ ಅವಳ ಅಸಾಧಾರಣ ಆಧ್ಯಾತ್ಮಿಕ ಅನುಭವಗಳ ಬಗ್ಗೆ ಮೇಲಿನವರಿಗೆ ಸಂಶಯ ಹುಟ್ಟಿತು. ಅವಳನ್ನು ಅಪಾರ್ಥ ಮಾಡಿಕೊಳ್ಳಲಾಯಿತು. 1872ರಲ್ಲಿ ಅವಳನ್ನು ಫ್ರಾನ್ಸಿಗೆ ವಾಪಸು ಕಳುಹಿಸಲಾಯಿತು. ಓದುಬರಹ ಬಾರದ ಆ ಭಗಿನಿ ದೂರು ಹೇಳಿಕೊಳ್ಳದೆ ಪವಿತ್ರಾತ್ಮರ ಮೊರೆಹೊಕ್ಕಳು. ತನ್ನನ್ನು 'ಪುಟ್ಟ ಶೂನ್ಯ' ಎಂದೇ ಕರೆದುಕೊಳ್ಳುತ್ತಿದ್ದಳು. ನಂತರ ಬೆತ್ಲೆಹೇಮಿನಲ್ಲಿ ಕಾರ್ಮೆಲ್ ಮಠ ಕಟ್ಟುವ ಕೆಲಸದಲ್ಲಿ ತೊಡಗಿದ್ದಾಗ, ಕೆಲಸಗಾರರಿಗೆ ನೀರು ಒಯ್ಯುತ್ತಾ ಬಿದ್ದು ಕೈ ಮುರಿದು, ಗಾಯ ಕೊಳೆತು 1878ರ ಆಗಸ್ಟ್ 26ರಂದು ತೀರಿಕೊಂಡಳು. 2015ರ ಮೇ 17ರಂದು ಜಗದ್ಗುರು ಫ್ರಾನ್ಸಿಸ್‌ರವರು ಅವರನ್ನು ಸಂತೆ ಎಂದು ಘೋಷಿಸಿದರು.

ಧರ್ಮಸಭೆಯ ಒಳಗೆ, ತಮ್ಮವರಿಂದಲೇ ನೋವುಂಡವರು ನಮ್ಮಲ್ಲಿದ್ದಾರೆ. ಧರ್ಮಕೇಂದ್ರದ ಸಮಿತಿಯಲ್ಲಿ ಅವಮಾನವಾಯಿತೆಂದು ಇಗರ್ಜಿಯನ್ನೇ ಬಿಟ್ಟವರಿದ್ದಾರೆ. ಅನ್ಯಾಯವನ್ನು ಮುಚ್ಚಿಡಬೇಕೆಂದು ಸಂತ ಮರಿಯಂ ಕಲಿಸುವುದಿಲ್ಲ. ಮನುಷ್ಯರು ಬಾಗಿಲು ಮುಚ್ಚಿದಾಗಲೂ ದೇವರ ಬಾಗಿಲು ತೆರೆದಿದೆ ಎಂಬುದನ್ನು ಅವರು ಬಾಳಿ ತೋರಿಸಿದರು.

ಪ್ರಾರ್ಥನೆ ಬಲ ಕೊಡುವುದು ಹೇಗೆ?

ಮೇಲಿನ ಉದಾಹರಣೆಗಳಿಂದಲೂ ಧರ್ಮಸಭೆಯ ಬೋಧನೆಯಿಂದಲೂ ಕೆಲವು ಅಂಶಗಳನ್ನು ನಾವು ಗುರುತಿಸಬಹುದು.

1. ಪ್ರಾರ್ಥನೆ ನಮ್ಮನ್ನು ಒಂಟಿಯಾಗಿ ಬಿಡುವುದಿಲ್ಲ. ಶೋಧನೆ ಹೆಚ್ಚಾಗಿ ಗೆಲ್ಲುವುದು ಒಂಟಿತನದಲ್ಲಿ. ಆವಿಲಾದ ಸಂತ ತೆರೇಸಾರವರು ಪ್ರಾರ್ಥನೆಯನ್ನು, ನಮ್ಮನ್ನು ಪ್ರೀತಿಸುವವರೆಂದು ನಾವು ಬಲ್ಲ ಸ್ನೇಹಿತರೊಡನೆ ಆಡುವ ಮಾತುಕತೆಗೆ ಹೋಲಿಸಿದರು.

2. ಪ್ರಾರ್ಥನೆ ಶೋಧನೆಯ ಮುಖವಾಡ ಕಳಚುತ್ತದೆ. ಪಾಪ ತನ್ನ ನಿಜ ರೂಪದಲ್ಲಿ ಬರುವುದಿಲ್ಲ. ಇದೊಂದೇ ಸಲ, ಎಲ್ಲರೂ ಮಾಡುತ್ತಾರೆ, ಮಕ್ಕಳಿಗಾಗಿ ತಾನೇ ಎಂದು ಬರುತ್ತದೆ. ದೇವರ ಮುಂದೆ ಐದು ನಿಮಿಷ ಕುಳಿತರೆ ಆ ಮಾತು ಎಷ್ಟು ಸಣ್ಣದೆಂದು ಕಾಣುತ್ತದೆ.

3. ಪ್ರಾರ್ಥನೆ ಗುಟ್ಟನ್ನು ಒಡೆಯುತ್ತದೆ. 1548ರಲ್ಲಿ ಅಚ್ಚಾದ 'ಆಧ್ಯಾತ್ಮಿಕ ಸಾಧನೆಗಳು' ಗ್ರಂಥದಲ್ಲಿ ಲೊಯೋಲದ ಸಂತ ಇಗ್ನಾಸಿಯವರು, ವೈರಿ ತನ್ನ ಮಾತು ಗುಟ್ಟಾಗಿರಲೆಂದು ಬಯಸುತ್ತಾನೆ, ಒಳ್ಳೆಯ ಪಾಪನಿವೇದನಾ ಗುರುವಿಗೆ ಅದನ್ನು ತಿಳಿಸಿದೊಡನೆ ಅವನ ಆಟ ಕೆಡುತ್ತದೆ ಎಂದು ಎಚ್ಚರಿಸುತ್ತಾರೆ. ಕೋಟೆಯ ಎಲ್ಲಿ ಗೋಡೆ ಬಲಹೀನವೋ ಅಲ್ಲಿಯೇ ದಾಳಿ ಎಂದೂ ಹೇಳುತ್ತಾರೆ. ನಮ್ಮ ಬಲಹೀನ ಗೋಡೆ ಯಾವುದೆಂದು ತಿಳಿಯಲು ರಾತ್ರಿಯ ಆತ್ಮಪರಿಶೀಲನೆ ಸಹಾಯಕ.

4. ಪ್ರಾರ್ಥನೆ ಮುಂಚಿತವಾಗಿ ಸಿದ್ಧಮಾಡುತ್ತದೆ. ಬಲಿಪೂಜೆಯ ಪ್ರಾರ್ಥನೆಗಳು ಫಾದರ್ ಟಾಮ್‌ರಿಗೆ ಸೆರೆಯಲ್ಲಿ ಬಾಯಿಪಾಠವಾದವಲ್ಲ. ನೆಮ್ಮದಿಯ ವರ್ಷಗಳಲ್ಲಿ ದಿನದಿನವೂ ಹೇಳಿದ್ದು ಕಷ್ಟದಲ್ಲಿ ಕೈಹಿಡಿಯಿತು. ಮಳೆ ಬಂದ ಮೇಲೆ ಮಾಡು ಹೊದಿಸಲು ಆಗುವುದಿಲ್ಲ.

5. ಪ್ರಾರ್ಥನೆ ನಮ್ಮ ಬೇಡಿಕೆಯನ್ನೇ ಬದಲಿಸುತ್ತದೆ. ಕಷ್ಟ ತೆಗೆ ಎಂದು ಆರಂಭಿಸಿದವರು, ಕಷ್ಟದಲ್ಲಿ ನನ್ನೊಡನಿರು ಎಂಬಲ್ಲಿಗೆ ತಲುಪುತ್ತಾರೆ. ಶಕ್ತಿಗೆ ಮೀರಿದ ಶೋಧನೆಗೆ ದೇವರು ಬಿಡುವುದಿಲ್ಲ, ಪಾರಾಗುವ ದಾರಿಯನ್ನೂ ತೋರಿಸುತ್ತಾರೆ ಎಂದು ಸಂತ ಪೌಲರು ಭರವಸೆ ಕೊಡುತ್ತಾರೆ (1 ಕೊರಿಂಥ 10:13).

ಯಲಹಂಕದ ಮನೆಗಳಲ್ಲಿ

ನಮ್ಮ ಕರಾವಳಿಯ ಅನೇಕ ಮನೆಗಳ ಮಕ್ಕಳು ಇಂದು ಉತ್ತರ ಬೆಂಗಳೂರಿನಲ್ಲಿದ್ದಾರೆ. ಹಿಂದೆ ರೈಲ್ವೆ ಗಾಲಿ ಕಾರ್ಖಾನೆ, ವಾಯುಪಡೆಯ ನೆಲೆ ಇವುಗಳಿಂದ ಹೆಸರಾಗಿದ್ದ ಯಲಹಂಕ, 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಇನ್ನಷ್ಟು ಬೆಳೆಯಿತು. ಹೆಬ್ಬಾಳದಿಂದ ಯಲಹಂಕ ದಾಟುವವರೆಗೂ ಬಾಡಿಗೆ ಮನೆಗಳಲ್ಲಿ, ಅಪಾರ್ಟ್‌ಮೆಂಟುಗಳಲ್ಲಿ, ಪಿ.ಜಿ.ಗಳಲ್ಲಿ ನಮ್ಮ ಯುವಕ ಯುವತಿಯರಿದ್ದಾರೆ. ಅವರ ಪರೀಕ್ಷೆಗಳು ಸೆರೆಮನೆಯಂತೆ ಕಣ್ಣಿಗೆ ಕಾಣುವುದಿಲ್ಲ. ರಾತ್ರಿ ಪಾಳಿ, ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಕಳೆಯುವ ಗಂಟೆಗಳು, ತಿಂಗಳ ಐದಕ್ಕೆ ಕಟ್ಟಬೇಕಾದ ಕಂತು, ಒಂದು ಇಮೇಲ್‌ನಲ್ಲಿ ಹೋಗುವ ಕೆಲಸ, ಪಕ್ಕದ ಬಾಗಿಲಿನವರ ಹೆಸರೂ ತಿಳಿಯದ ಒಂಟಿತನ. ಊರಿನಲ್ಲಿ ವಯಸ್ಸಾದ ತಂದೆತಾಯಿ ಒಬ್ಬರೇ ಇರುತ್ತಾರೆ. ಅದು ಅವರ ಪರೀಕ್ಷೆ.

ಶೋಧನೆಯೂ ಅಂಗೈಯೊಳಗೇ ಇದೆ. ಅಶ್ಲೀಲ ದೃಶ್ಯ, ಬೆಟ್ಟಿಂಗ್, ತಕ್ಷಣ ಸಾಲ ಕೊಡುವ ಆ್ಯಪ್‌ಗಳು ಮೊಬೈಲಿನಲ್ಲಿಯೇ ಬರುತ್ತವೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರಕಾರ 2025ರ ಕಾಯಿದೆಯ ಮೂಲಕ ನಿಷೇಧಿಸಿತು. ಆದರೆ ಕಾಯಿದೆ ಆಸೆಯನ್ನು ನಿಷೇಧಿಸಲಾರದು. ಕಳ್ಳದಾರಿಗಳು ಇದ್ದೇ ಇರುತ್ತವೆ.

ಇಂಥ ಮನೆಗಳಿಗೆ ಒಂದೆರಡು ಸರಳ ಸಲಹೆಗಳು. ಊರಿನ ತೇರ್ಸಿನ ಹೊತ್ತಿಗೆ ಯಲಹಂಕದ ಮಗ ಅಥವಾ ಮಗಳು ಫೋನ್ ಮಾಡಿ ಒಂದು ದಶಕವನ್ನಾದರೂ ಅಮ್ಮನ ಜೊತೆ ಹೇಳಬಹುದು. ಇದರಿಂದ ಎರಡೂ ಕಡೆಯ ಒಂಟಿತನ ಕಡಿಮೆಯಾಗುತ್ತದೆ. ಬಸ್ಸಿನಲ್ಲಿ, ಕ್ಯಾಬಿನಲ್ಲಿ ಕಿವಿಗೆ ಸದ್ದು ತುಂಬಿಕೊಳ್ಳುವ ಬದಲು ಆ ದಿನದ ಶುಭಸಂದೇಶವನ್ನು ಓದಬಹುದು. ಶೋಧನೆ ಯಾವ ಗಂಟೆಗೆ ಬರುತ್ತದೆಂದು ನಮಗೇ ಗೊತ್ತಿರುತ್ತದೆ. ಆ ಗಂಟೆಗೆ ಮುಂಚೆಯೇ ಫೋನನ್ನು ಇನ್ನೊಂದು ಕೋಣೆಯಲ್ಲಿಟ್ಟು, ಯೇಸುವಿನ ನಾಮವನ್ನು ಮೆಲ್ಲಗೆ ಜಪಿಸುತ್ತಾ ಮಲಗಬಹುದು. ಎಚ್ಚರವೂ ಪ್ರಾರ್ಥನೆಯೂ ಒಟ್ಟಿಗಿರಬೇಕೆಂದು ಯೇಸುಸ್ವಾಮಿ ಹೇಳಿದ್ದು ಇದಕ್ಕೇ.

ಪ್ರಾರ್ಥನೆ ಒಣಗಿದಾಗ

ಧರ್ಮೋಪದೇಶ ಗ್ರಂಥ ಪ್ರಾರ್ಥನೆಯನ್ನು ಒಂದು ಹೋರಾಟ ಎನ್ನುತ್ತದೆ (ಸಂಖ್ಯೆ 2725). ಮನಸ್ಸು ಹರಿದಾಡುವುದು, ಒಣಗಿದಂತಾಗುವುದು, ಬೇಸರ, ಕೇಳಿದ್ದು ಸಿಗಲಿಲ್ಲವೆಂಬ ಮುನಿಸು ಇವೆಲ್ಲ ಆ ಹೋರಾಟದ ಭಾಗ. ಮನಸ್ಸು ಓಡಿದರೆ ಅದನ್ನು ಬೆನ್ನಟ್ಟಿ ಹೊಡೆಯಬೇಕಾಗಿಲ್ಲ. ಮೆಲ್ಲನೆ ಮರಳಿ ಕರೆದರೆ ಸಾಕು. ಒಣಗಿದ ಕಾಲದಲ್ಲಿ ಹಳೆಯ ತೀರ್ಮಾನಗಳನ್ನು ಬದಲಿಸಬೇಡಿ, ಪ್ರಾರ್ಥನೆಯನ್ನು ಕಡಿಮೆ ಮಾಡುವ ಬದಲು ತುಸು ಹೆಚ್ಚಿಸಿ ಎಂಬುದು ಸಂತ ಇಗ್ನಾಸಿಯವರ ಸಲಹೆ. ಮದುವೆ ಮುರಿಯುವ, ಸಭೆ ಬಿಡುವ, ಕೆಲಸ ತೊರೆಯುವ ನಿರ್ಧಾರಗಳನ್ನು ಕತ್ತಲಲ್ಲಿ ಮಾಡಬಾರದು.

ಎಲ್ಲಕ್ಕಿಂತ ದೊಡ್ಡ ಶೋಧನೆ ಯಾವುದು? ನಾನು ಇಷ್ಟು ಪಾಪಿ, ಯಾವ ಮುಖ ಹೊತ್ತು ಪ್ರಾರ್ಥಿಸಲಿ ಎಂಬುದು. ಸಂತ ತೆರೇಸಾರವರು ಸ್ವತಃ ಈ ಕಾರಣಕ್ಕೆ ವರ್ಷಕ್ಕೂ ಹೆಚ್ಚು ಕಾಲ ಪ್ರಾರ್ಥನೆ ಬಿಟ್ಟಿದ್ದರು. ದೀನತೆಯ ವೇಷದಲ್ಲಿ ಬಂದ ಅದೇ ತಮ್ಮ ಬಾಳಿನ ಭಯಂಕರ ಶೋಧನೆಯಾಗಿತ್ತೆಂದು ನಂತರ ಬರೆದರು. ಬಿದ್ದವರಿಗೆ ಔಷಧಿ ಹೆಚ್ಚು ಬೇಕು. ಬಿದ್ದ ದಿನವೇ ಪ್ರಾರ್ಥಿಸಿ, ಸಾಧ್ಯವಾದಷ್ಟು ಬೇಗ ಪಾಪನಿವೇದನೆಗೆ ಹೋಗಿ.

ಪ್ರಾರ್ಥನೆಯೊಡನೆ ಇತರ ನೆರವು

ಪ್ರಾರ್ಥನೆಯ ಹೆಸರಿನಲ್ಲಿ ಚಿಕಿತ್ಸೆಯನ್ನು ನಿಲ್ಲಿಸಬಾರದು. ವೈದ್ಯರ ಕೈಯಲ್ಲಿಯೂ ದೇವರೇ ಗುಣಪಡಿಸುತ್ತಾರೆಂದು ಸಿರಾಖನ ಗ್ರಂಥದ 38ನೇ ಅಧ್ಯಾಯ ಕಲಿಸುತ್ತದೆ. ಖಿನ್ನತೆ ವಿಶ್ವಾಸದ ಕೊರತೆಯಲ್ಲ, ಅದು ಕಾಯಿಲೆ. ಸಾಯಬೇಕೆನ್ನುವ ಯೋಚನೆ ಬಂದವರು ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲುರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು. ಮದ್ಯ, ಮಾದಕ ವಸ್ತುಗಳ ಚಟಕ್ಕೆ 14446 ಸಂಖ್ಯೆ ಇದೆ. ಗಂಡನ ಹೊಡೆತವನ್ನು ಶಿಲುಬೆಯೆಂದು ಹೊತ್ತುಕೋ ಎಂದು ಯಾವ ಹೆಣ್ಣಿಗೂ ಹೇಳಬಾರದು. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಲು ಅವಳ ಜೊತೆ ಕುಳಿತುಕೊಳ್ಳುವುದೂ ನಮ್ಮ ಪ್ರಾರ್ಥನೆಯ ಭಾಗ.

ಧರ್ಮಕೇಂದ್ರದ ಸೇವಾಕರ್ತರಿಗೆ

ವಾಳೆಯ ಗುರಿಕಾರರು, ಧರ್ಮೋಪದೇಶದ ಶಿಕ್ಷಕರು, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರು ಕಷ್ಟದ ಮನೆಗಳಿಗೆ ಮೊದಲು ಹೋಗುವವರು. ಅಲ್ಲಿ ಉತ್ತರ ಹೇಳುವ ಅವಸರ ಬೇಡ. ಮೊದಲು ಕೇಳೋಣ, ಜೊತೆಗೆ ಕುಳಿತುಕೊಳ್ಳೋಣ. ನಂತರ, ಅವರು ಒಪ್ಪಿದರೆ, ಅವರ ಹೆಸರು ಹೇಳಿ ಚಿಕ್ಕದಾಗಿ ಪ್ರಾರ್ಥಿಸೋಣ. ಅವರ ಕಷ್ಟವನ್ನು ಪ್ರಾರ್ಥನೆಯ ಬೇಡಿಕೆ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಬೇಡ. ಒಂದು ವಾರದ ನಂತರ ಮತ್ತೊಮ್ಮೆ ಹೋಗಿ ನೋಡೋಣ. ಪೇತ್ರನಿಗಾಗಿ ಪ್ರಾರ್ಥಿಸಿದ ಆ ಮೊದಲ ಧರ್ಮಸಭೆ ಒಂದು ಮನೆಯಲ್ಲಿ ಸೇರಿತ್ತು. ಪೇತ್ರ ಬಿಡುಗಡೆಯಾಗಿ ಬಾಗಿಲು ತಟ್ಟಿದಾಗ ಅವರೇ ನಂಬಲಿಲ್ಲ. ಅಷ್ಟು ಅಲ್ಪ ವಿಶ್ವಾಸದ ಪ್ರಾರ್ಥನೆಯನ್ನೂ ದೇವರು ಕೇಳಿದರು ಎಂಬುದು ನಮಗೆ ಸಮಾಧಾನ.

ಪರೀಕ್ಷೆ ಇಲ್ಲದ ಬಾಳನ್ನು ಯೇಸುಸ್ವಾಮಿ ನಮಗೆ ವಾಗ್ದಾನ ಮಾಡಲಿಲ್ಲ. ಎಂದೆಂದೂ ನಮ್ಮೊಡನಿರುತ್ತೇನೆಂದು ವಾಗ್ದಾನ ಮಾಡಿದರು. ಇಂದು ರಾತ್ರಿ ಮಲಗುವ ಮುನ್ನ ನಮ್ಮ ಮನೆಯ ದೀಪ ಆರಿಸುವಾಗ, ಯಾರ ಕೈ ಸೋತು ಹಗ್ಗ ಜಾರುತ್ತಿದೆಯೋ ಅವರ ಒಂದು ಹೆಸರನ್ನು ದೇವರ ಮುಂದೆ ಹೇಳೋಣ. ಅವರ ಪರವಾಗಿ ಆ ಹಗ್ಗವನ್ನು ನಾವು ಹಿಡಿದುಕೊಳ್ಳೋಣ. ದೇವರು ನಮ್ಮೆಲ್ಲರನ್ನೂ ಆಶೀರ್ವದಿಸಲಿ.